ಬೀಗದ ಕೈಯೂ ನಿಯಮದ ಲೆಕ್ಕವೂ

ಕೇಂದ್ರ ಸರಕಾರವು 2025ರ ನವೆಂಬರ್ ತಿಂಗಳಿನಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ನಿಯಮಗಳನ್ನು ಪ್ರಕಟಿಸಿತು. 2023ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತವನ್ನು ಪಡೆದು ಎರಡು ವರ್ಷಗಳಿಗೂ ಹೆಚ್ಚು ಕಾಲ ಕಾಗದದ ಮೇಲೆಯೇ ಉಳಿದಿದ್ದ ಕಾಯಿದೆಗೆ ಇದರಿಂದ ಕೈಕಾಲು ಬಂದಂತಾಯಿತು. ಈ ಸಂಬಂಧದಲ್ಲಿ ಪತ್ರಿಕೆಗಳಲ್ಲಿ ಹೆಚ್ಚಾಗಿ ಚರ್ಚೆಗೆ ಬಂದುದು ದಂಡದ ಮೊತ್ತ. ಜನರ ವಿವರಗಳನ್ನು ಕಾಪಾಡುವ ಹೊಣೆಯಲ್ಲಿ ತಪ್ಪಿದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದೆಂಬ ವಾರ್ತೆ ದಪ್ಪ ಅಕ್ಷರಗಳಲ್ಲಿ ಅಚ್ಚಾಯಿತು. ಆದರೆ ಅದೇ ನಿಯಮಗಳೊಳಗೆ ಅಡಗಿರುವ ಇನ್ನೊಂದು ಮಾತು ಅಷ್ಟಾಗಿ ಯಾರ ಗಮನಕ್ಕೂ ಬೀಳಲಿಲ್ಲ. ಜನರ ವಿವರಗಳಿರುವ ಗಣಕಯಂತ್ರಗಳಿಗೆ ಯಾರು ಪ್ರವೇಶಿಸಬಹುದೆಂಬುದನ್ನು ಸಂಸ್ಥೆಗಳು ಹತೋಟಿಯಲ್ಲಿಡಬೇಕು; ಯಾರು ಯಾವಾಗ ಏನನ್ನು ನೋಡಿದರೆಂಬ ದಾಖಲೆಯನ್ನು ಒಂದು ವರ್ಷ ಕಾಯ್ದಿಡಬೇಕು ಎಂಬುದೇ ಆ ಮಾತು. ಇದನ್ನು ಆಚರಣೆಗೆ ತರಲು ಸಂಸ್ಥೆಗಳಿಗೆ ಹದಿನೆಂಟು ತಿಂಗಳ ಅವಧಿಯನ್ನು ಪ್ರಕಟಣೆಯಲ್ಲಿ ಕೊಡಲಾಗಿತ್ತು.

ಇದು ಇಂಜಿನಿಯರರ ಗೊಡವೆ, ಹೋಟೆಲಿನಲ್ಲಿ ದುಡಿಯುವ ನಮಗೂ ಕಚೇರಿಯಲ್ಲಿ ಕಡತ ಬರೆಯುವ ನಮಗೂ ಇದರಿಂದೇನು ಎಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ನಮ್ಮ ಅಭಿಪ್ರಾಯ ಬೇರೆ. ಬ್ಯಾಂಕಿನಲ್ಲಿರುವ ನಿಮ್ಮ ಖಾತೆ, ಪ್ರಾವಿಡೆಂಟ್ ಫಂಡಿನ ಲೆಕ್ಕ, ಆಸ್ಪತ್ರೆಯ ಚೀಟಿ, ಊರಿನ ರೇಷನ್ ಕಾರ್ಡು, ಇವೆಲ್ಲವೂ ಇಂದು ಯಾವುದೋ ಯಂತ್ರದ ಹೊಟ್ಟೆಯಲ್ಲಿವೆ. ಅವುಗಳ ಬಾಗಿಲಲ್ಲಿ ನಿಂತು ‘ಇವನನ್ನು ಬಿಡಬಹುದು, ಇವನನ್ನು ಬಿಡಬಾರದು’ ಎಂದು ಕ್ಷಣಕ್ಷಣಕ್ಕೂ ತೀರ್ಪು ಕೊಡುವವನು ಮನುಷ್ಯನಲ್ಲ, ಬರೆದಿಟ್ಟ ನಿಯಮ. ಆ ನಿಯಮವನ್ನು ಓದಿ ತೀರ್ಮಾನಕ್ಕೆ ಬರುವ ಕ್ರಮ ಸರಿಯಾಗಿದೆಯೆ, ಅದು ವೇಳೆಗೆ ಸರಿಯಾಗಿ ನಡೆಯುತ್ತಿದೆಯೆ ಎಂಬ ಪ್ರಶ್ನೆಯ ಮೇಲೆ ನಮ್ಮ ನಿಮ್ಮ ಅನ್ನವೂ ಮಾನವೂ ನಿಂತಿವೆ. ನಿಯಮವು ಸರಿಯಾಗಿದ್ದರೆ ಮಾತ್ರ ಸಾಲದು, ಅದು ತ್ವರಿತವಾಗಿ ತೀರ್ಪನ್ನೂ ಕೊಡಬೇಕು. ಆದರೆ ಆ ತ್ವರೆಯನ್ನು ನಿಯಮಗಳ ಅಚ್ಚುಕಟ್ಟಿನಿಂದ ಗಳಿಸಬೇಕಲ್ಲದೆ, ನಿಯಮವನ್ನು ಹಾರಿಸಿ ಗಳಿಸಬಾರದು. ಇದೇ ನಾವು ಇಂದು ಹೇಳಬೇಕೆಂದಿರುವ ಮಾತು.

ಉಗ್ರಾಣದ ಪಾಠ

ನಾವು ಈ ಸಂಪಾದಕನ ಕುರ್ಚಿಗೆ ಬರುವ ಮುನ್ನ ಹಲವು ವರ್ಷ ಹೋಟೆಲಿನ ಗಲ್ಲಾದಲ್ಲಿ ಕುಳಿತವರು. ಎಸ್.ಎಸ್.ಎಲ್.ಸಿ.ಯಾಚೆಗೆ ಓದಿದವರಲ್ಲ. ಈ ವಿಷಯ ನಮಗೆ ಅರ್ಥವಾದುದು ಉಗ್ರಾಣದ ಬಾಗಿಲಿನಿಂದ. ನಮ್ಮ ಹೋಟೆಲು ಚಿಕ್ಕದಾಗಿದ್ದಾಗ ಉಗ್ರಾಣಕ್ಕೆ ಒಂದೇ ಬೀಗ, ಒಂದೇ ಬೀಗದ ಕೈ. ಅದು ನಮ್ಮ ಸೊಂಟದಲ್ಲಿ. ಕೆಲಸಗಾರರು ಹೆಚ್ಚಿದಾಗ ಹೆಸರುಗಳ ಪಟ್ಟಿಯೊಂದನ್ನು ಬಾಗಿಲಿಗೆ ಅಂಟಿಸಿದೆವು. ಊರಿಗೆ ಹೋದವರು, ಬಿಟ್ಟುಹೋದವರು, ಹೊಸದಾಗಿ ಬಂದವರು ಎಂದು ಪಟ್ಟಿಯನ್ನು ತಿದ್ದಿ ತಿದ್ದಿ ಸಾಕಾಯಿತು. ಬಳಿಕ ಹೆಸರನ್ನು ಬಿಟ್ಟು ಹುದ್ದೆಯನ್ನು ಹಿಡಿದೆವು. ಭಟ್ಟರು ಒಳಗೆ ಹೋಗಬಹುದು, ಮಾಣಿಗಳು ಹೋಗಕೂಡದು, ಮ್ಯಾನೇಜರರು ಹೋಗಬಹುದು ಎಂದಾಯಿತು. ಆಗಲೂ ತೊಡಕು ತಪ್ಪಲಿಲ್ಲ. ಭಟ್ಟರು ಒಳಗೆ ಹೋಗುವುದು ಸರಿ. ಆದರೆ ರಾತ್ರಿ ಹನ್ನೊಂದು ಗಂಟೆಗೆ ತುಪ್ಪದ ಡಬ್ಬಕ್ಕಾಗಿ ಹೋಗುವುದೂ ಸರಿಯೆ? ಇಲ್ಲಿ ಹುದ್ದೆಯೊಂದನ್ನೇ ನೋಡಿದರೆ ಸಾಲದು. ಹೊತ್ತು ಯಾವುದು, ಸಾಮಾನು ಯಾವುದು, ತೆಗೆದುಕೊಳ್ಳಲೆಂದೋ ಲೆಕ್ಕ ಮಾಡಲೆಂದೋ ಎಂಬುದನ್ನೂ ನೋಡಬೇಕು.

ಗಣಕಯಂತ್ರದ ಲೋಕವೂ ಇದೇ ದಾರಿಯಲ್ಲಿ ನಡೆದು ಬಂದಿದೆ. 1960ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆ ಮತ್ತು ಅದರ ಸಹಭಾಗಿಗಳು ಕಟ್ಟಿದ ಮಲ್ಟಿಕ್ಸ್ ಎಂಬ ವ್ಯವಸ್ಥೆಯಲ್ಲಿ ಒಂದೊಂದು ಕಡತಕ್ಕೂ ಹೆಸರುಗಳ ಪಟ್ಟಿಯಿತ್ತು. 1992ರಲ್ಲಿ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುಹ್ನ್ ಎಂಬ ಅಮೆರಿಕದ ಸಂಶೋಧಕರು ಹುದ್ದೆಯನ್ನು ಆಧಾರವಾಗಿಟ್ಟುಕೊಂಡ ಪದ್ಧತಿಯನ್ನು ಮುಂದಿಟ್ಟರು. 1996ರಲ್ಲಿ ಅದಕ್ಕೆ ಶಾಸ್ತ್ರೀಯ ಚೌಕಟ್ಟನ್ನು ಕೊಟ್ಟ ವಿದ್ವಾಂಸರಲ್ಲಿ ಮುಂಬಯಿಯ ಐ.ಐ.ಟಿ.ಯಲ್ಲಿ ಓದಿದ ರವಿ ಸಂಧು ಅವರೇ ಮೊದಲಿಗರೆಂಬುದು ಈ ನಗರದಲ್ಲಿ ನೆಲೆಸಿದವರು ಹೆಮ್ಮೆಪಡಬೇಕಾದ ಸಂಗತಿ. ಮೂರನೆಯ ಘಟ್ಟವೇ ಲಕ್ಷಣಾಧಾರಿತ ಪ್ರವೇಶ ನಿಯಂತ್ರಣ. ಕೇಳುವವನ ಲಕ್ಷಣ, ಕೇಳಿದ ವಸ್ತುವಿನ ಲಕ್ಷಣ, ಮಾಡಬೇಕೆಂದಿರುವ ಕೆಲಸ, ಆ ಹೊತ್ತಿನ ಸಂದರ್ಭ, ಈ ನಾಲ್ಕನ್ನೂ ನಿಯಮದ ಎದುರಿಗಿಟ್ಟು ತೀರ್ಪು ಪಡೆಯುವ ಪದ್ಧತಿ ಅದು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2014ರಲ್ಲಿ ಇದಕ್ಕೊಂದು ಮಾರ್ಗದರ್ಶಿಯನ್ನು ಪ್ರಕಟಿಸಿತು. ಇಂಥ ನಿಯಮಗಳನ್ನು ಬರೆಯಲು ಎಕ್ಸ್.ಎ.ಸಿ.ಎಂ.ಎಲ್. ಎಂಬ ಸರ್ವಸಾಮಾನ್ಯ ಭಾಷೆಯೊಂದು 2003ರಲ್ಲಿಯೇ ಮಾನ್ಯವಾಗಿ, 2013ರಲ್ಲಿ ಅದರ ಮೂರನೆಯ ಆವೃತ್ತಿ ಹೊರಬಂದಿತ್ತು.

ಈ ಪದ್ಧತಿಯಲ್ಲಿ ನಾಲ್ವರು ಕೆಲಸಗಾರರಿದ್ದಾರೆಂದು ತಿಳಿಯಬಹುದು. ಬಾಗಿಲಲ್ಲಿ ನಿಂತು ತಡೆಯುವ ಕಾವಲುಗಾರ ಒಬ್ಬ. ಅವನು ತಾನಾಗಿ ಏನನ್ನೂ ನಿರ್ಧರಿಸುವುದಿಲ್ಲ. ನಿಯಮವನ್ನು ಓದಿ ತೀರ್ಪು ಹೇಳುವವನು ಎರಡನೆಯವನು. ‘ಈ ಮನುಷ್ಯ ಇನ್ನೂ ಕೆಲಸದಲ್ಲಿದ್ದಾನೆಯೆ? ಯಾವ ಶಾಖೆಯವನು?’ ಎಂದು ತೀರ್ಪುಗಾರ ಕೇಳಿದಾಗ ಬೇರೆ ದಫ್ತರಗಳಿಂದ ಉತ್ತರ ತಂದುಕೊಡುವ ಮಾಹಿತಿಗಾರ ಮೂರನೆಯವನು. ನಿಯಮವನ್ನು ಬರೆಯುವ, ತಿದ್ದುವ ಅಧಿಕಾರವುಳ್ಳವನು ನಾಲ್ಕನೆಯವನು. ನಾಲ್ವರೂ ಬೇರೆ ಬೇರೆಯಾಗಿರುವುದೇ ಈ ಏರ್ಪಾಡಿನ ಬಲ. ತಡವಾಗುವುದು ಎಲ್ಲಿ ಎಂಬುದನ್ನು ತಿಳಿಯಬೇಕಾದರೂ ಈ ನಾಲ್ವರನ್ನು ಬೇರೆ ಬೇರೆಯಾಗಿಯೇ ನೋಡಬೇಕು.

ತಡವಾಗುವುದು ಎಲ್ಲಿ?

ಒಂದು ಬ್ಯಾಂಕಿನಲ್ಲಿ ಇಂಥ 4,000 ನಿಯಮಗಳಿವೆ, ಒಂದೊಂದು ನಿಯಮದಲ್ಲಿಯೂ ಮೂರು ಪ್ರಶ್ನೆಗಳಿವೆ ಎಂದು ಭಾವಿಸೋಣ. ಗುಮಾಸ್ತನೊಬ್ಬನು ಒಂದು ಖಾತೆಯನ್ನು ತೆರೆಯಲು ಹೋದಾಗಲೆಲ್ಲ ತೀರ್ಪುಗಾರನು ಮೊದಲ ನಿಯಮದಿಂದ ಕೊನೆಯದರವರೆಗೆ ಓದಬೇಕಾದರೆ 12,000 ಪ್ರಶ್ನೆಗಳಾದವು. ಯಂತ್ರಕ್ಕೆ ಇದು ದೊಡ್ಡ ಕೆಲಸವಲ್ಲವೆಂದು ಹೇಳುವವರುಂಟು. ಆದರೆ ಸಾವಿರಾರು ಗುಮಾಸ್ತರು ಏಕಕಾಲದಲ್ಲಿ ಕೇಳುತ್ತಾರೆಂಬುದನ್ನು ಮರೆಯಲಾಗದು. ಬೆಳಗಿನ ಎಂಟು ಗಂಟೆಗೆ ಇಡ್ಲಿಗೆ ಮುಗಿಬೀಳುವ ಗಿರಾಕಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ತಟ್ಟೆ ಇಡ್ಲಿಯನ್ನು ಕೊಡುವುದು ಕಷ್ಟವಲ್ಲ. ನೂರು ಜನ ಒಮ್ಮೆಲೇ ಕೇಳಿದಾಗ ಕೊಡುವುದು ಕಷ್ಟ.

ಇದಕ್ಕಿಂತ ದೊಡ್ಡ ತಡವು ಮಾಹಿತಿಗಾರನಿಂದ ಬರುತ್ತದೆ. ನಿಯಮವನ್ನು ಓದುವುದು ಕೋಣೆಯೊಳಗಿನ ಕೆಲಸ. ಲಕ್ಷಣವನ್ನು ಕೇಳಿ ತರುವುದು ಬೇರೆ ದಫ್ತರಕ್ಕೆ ಆಳನ್ನು ಓಡಿಸುವ ಕೆಲಸ. ಒಂದು ಸಲ ಕೇಳಿ ಬರಲು ಸೆಕೆಂಡಿನ ಸಾವಿರದ ಐದು ಭಾಗ ಬೇಕೆಂದು ಇಟ್ಟುಕೊಳ್ಳೋಣ. ಒಂದು ತೀರ್ಪಿಗೆ ನಾಲ್ಕು ಸಲ ಓಡಬೇಕಾದರೆ ಸಾವಿರದ ಇಪ್ಪತ್ತು ಭಾಗವಾಯಿತು. ಗುಮಾಸ್ತನ ಎದುರಿನ ಪರದೆಯ ಮೇಲೆ ಐವತ್ತು ಖಾತೆಗಳ ಪಟ್ಟಿ ಮೂಡಬೇಕು, ಒಂದೊಂದಕ್ಕೂ ಪ್ರತ್ಯೇಕ ತೀರ್ಪು ಬೇಕು ಎಂದರೆ ಒಂದು ಪೂರ್ತಿ ಸೆಕೆಂಡು ಕಳೆಯಿತು. ದಿನಕ್ಕೆ ನೂರಾರು ಪಟ್ಟಿಗಳನ್ನು ತೆರೆಯುವವನಿಗೆ, ಅವನ ಎದುರು ಸಾಲಿನಲ್ಲಿ ನಿಂತವರಿಗೆ ಇದು ಸಣ್ಣ ಕಾಟವಲ್ಲ.

ನಿಧಾನವಾದ ಬಾಗಿಲನ್ನು ಜನ ತಾಳುವುದಿಲ್ಲ, ಅದಕ್ಕೊಂದು ಕಳ್ಳದಾರಿಯನ್ನು ಹುಡುಕುತ್ತಾರೆ. ನಮ್ಮ ಹೋಟೆಲಿನಲ್ಲಿಯೇ ಇದು ನಡೆಯಿತು. ಉಗ್ರಾಣಕ್ಕೆ ಬಿಗಿಯಾದ ನಿಯಮ ಮಾಡಿ, ಬೀಗದ ಕೈಯನ್ನು ಒಬ್ಬನ ವಶಕ್ಕೆ ಕೊಟ್ಟು, ಪ್ರತಿ ಸಾಮಾನಿಗೂ ಚೀಟಿ ಬರೆಸಬೇಕೆಂದು ಅಪ್ಪಣೆ ಮಾಡಿದ್ದೆವು. ಚೌತಿಯ ಬೆಳಗ್ಗೆ ಗಿರಾಕಿಗಳು ತುಂಬಿದ್ದಾಗ ಬೀಗದ ಕೈ ಇದ್ದವನು ಚೀಟಿಗಳನ್ನು ತಾಳೆ ನೋಡುತ್ತ ಕುಳಿತಿದ್ದನು. ಇತ್ತ ಕಾವಲಿ ಕಾದು ಹೊಗೆಯೇಳುತ್ತಿತ್ತು, ದೋಸೆಹಿಟ್ಟು ಮುಗಿದಿತ್ತು. ಮಾರನೆಯ ವಾರ ನೋಡಿದರೆ ಅಡಿಗೆಮನೆಯ ಮೂವರ ಬಳಿ ನಕಲಿ ಬೀಗದ ಕೈಗಳಿದ್ದವು! ಅವರು ಕಳ್ಳರಲ್ಲ, ಕೆಲಸ ನಿಲ್ಲಬಾರದೆಂದು ಹಾಗೆ ಮಾಡಿದವರು. ತಪ್ಪು ನಮ್ಮ ನಿಯಮದ್ದು. ಆಫೀಸುಗಳಲ್ಲಿ ಒಬ್ಬರ ಗುಪ್ತಪದವನ್ನು ಇನ್ನೊಬ್ಬರು ಬಳಸುವ ಚಾಳಿಯೂ ಹೀಗೆಯೇ ಹುಟ್ಟುತ್ತದೆಂಬುದನ್ನು ಗುಮಾಸ್ತ ಬಂಧುಗಳು ಬಲ್ಲರು.

ವೇಗವನ್ನು ಗಳಿಸುವ ದಾರಿ

ಹಾಗಾದರೆ ಪರಿಹಾರವೇನು? ನಿಯಮಗಳನ್ನು ಮೊದಲೇ ವಿಂಗಡಿಸಿ ಇಡುವುದು ಒಂದನೆಯದು. ಉಗ್ರಾಣದಲ್ಲಿ ಬೇಳೆಯ ಡಬ್ಬಗಳು ಒಂದು ಕಡೆ, ಮಸಾಲೆಯವು ಇನ್ನೊಂದು ಕಡೆ ಇದ್ದರೆ ಜೀರಿಗೆಗಾಗಿ ಅಕ್ಕಿಯ ಮೂಟೆಗಳನ್ನು ಉರುಳಿಸಬೇಕಾಗಿಲ್ಲ. ಹಾಗೆಯೇ ಸಾಲದ ಖಾತೆಗೆ ಸಂಬಂಧಿಸಿದ ನಿಯಮಗಳನ್ನು ಪ್ರತ್ಯೇಕವಾಗಿಟ್ಟರೆ, ಉಳಿತಾಯ ಖಾತೆಯನ್ನು ಕೇಳಿದವನಿಗಾಗಿ ಅವುಗಳನ್ನು ಓದುವ ಪ್ರಮೇಯವೇ ಇಲ್ಲ. ಎರಡನೆಯದು, ಒಂದೊಂದು ಪ್ರಶ್ನೆಗೂ ಸಾಧ್ಯತೆಗಳು ಅರ್ಧವಾಗುವಂತೆ ಪ್ರಶ್ನೆಗಳನ್ನು ಕವಲುಕವಲಾಗಿ ಜೋಡಿಸುವುದು. ಹಾಗೆ ಜೋಡಿಸಲು ಸಾಧ್ಯವಾದಲ್ಲಿ ಸಾವಿರ ಸಾಧ್ಯತೆಗಳಿಗೆ ಸುಮಾರು ಹತ್ತು ಪ್ರಶ್ನೆಗಳು, ಹತ್ತು ಲಕ್ಷಕ್ಕೆ ಸುಮಾರು ಇಪ್ಪತ್ತು ಪ್ರಶ್ನೆಗಳು ಸಾಕು. ಮೂರನೆಯದು, ಅಗ್ಗದ ಪ್ರಶ್ನೆಯನ್ನು ಮೊದಲು ಕೇಳುವುದು. ‘ಈಗ ಕಚೇರಿಯ ವೇಳೆಯೆ?’ ಎಂಬುದಕ್ಕೆ ಗೋಡೆಯ ಗಡಿಯಾರವನ್ನು ನೋಡಿದರಾಯಿತು. ‘ಈತನ ಮೇಲೆ ವಿಚಾರಣೆ ನಡೆಯುತ್ತಿದೆಯೆ?’ ಎಂಬುದಕ್ಕೆ ಮುಖ್ಯ ಕಚೇರಿಗೆ ಕೇಳಬೇಕು. ಗಡಿಯಾರವೇ ‘ಸಲ್ಲದು’ ಎಂದರೆ ಮುಖ್ಯ ಕಚೇರಿಯ ಗೊಡವೆಯೇತಕ್ಕೆ?

ಇವು ನಮ್ಮ ಊಹೆಯ ಮಾತುಗಳಲ್ಲ. 2008ರಲ್ಲಿ ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ನಾಲ್ವರು ಸಂಶೋಧಕರು ಎಕ್ಸ್ ಎಂಜಿನ್ ಎಂಬ ತೀರ್ಪುಯಂತ್ರವೊಂದನ್ನು ರಚಿಸಿ ತೋರಿಸಿದರು. ಅವರು ನಿಯಮಗಳಲ್ಲಿದ್ದ ಪದಗಳನ್ನೆಲ್ಲ ಅಂಕೆಗಳಾಗಿ ಮಾರ್ಪಡಿಸಿದರು, ಬಗೆಬಗೆಯ ನಿಯಮಗಳನ್ನು ಒಂದೇ ಅಚ್ಚಿಗೆ ತಂದರು, ಬಳಿಕ ಮರದಂತೆ ಕವಲೊಡೆಯುವ ರಚನೆಯಲ್ಲಿ ಜೋಡಿಸಿದರು. ಆ ಕಾಲದಲ್ಲಿ ಬಹಳವಾಗಿ ಬಳಕೆಯಲ್ಲಿದ್ದ ಸನ್ ಸಂಸ್ಥೆಯ ತೀರ್ಪುಯಂತ್ರದೊಡನೆ ಹೋಲಿಸಿದಾಗ, ನಿಯಮಗಳು ನೂರರ ಲೆಕ್ಕದಲ್ಲಿದ್ದಲ್ಲಿ ಹತ್ತರಿಂದ ನೂರು ಪಟ್ಟು, ಸಾವಿರದ ಲೆಕ್ಕದಲ್ಲಿದ್ದಲ್ಲಿ ಸಾವಿರದಿಂದ ಹತ್ತು ಸಾವಿರ ಪಟ್ಟು ವೇಗ ಕಂಡುಬಂದಿತೆಂದು ಅವರು ವರದಿ ಮಾಡಿದರು. ಇಲ್ಲಿ ನಿಯಮವೊಂದನ್ನೂ ಕೈಬಿಟ್ಟಿರಲಿಲ್ಲ, ತೀರ್ಪೊಂದೂ ಬದಲಾಗಿರಲಿಲ್ಲ. ಬದಲಾದುದು ಜೋಡಣೆ ಮಾತ್ರ.

ಗೂಗಲ್ ಸಂಸ್ಥೆಯು 2019ರಲ್ಲಿ ತನ್ನ ಜಂಜಿಬಾರ್ ಎಂಬ ವ್ಯವಸ್ಥೆಯ ವಿವರಗಳನ್ನು ಹೊರಗೆಡಹಿತು. ಇದು ಲಕ್ಷಣಕ್ಕಿಂತ ಹೆಚ್ಚಾಗಿ ಸಂಬಂಧವನ್ನು, ಅಂದರೆ ಯಾವ ಕಡತ ಯಾರದು, ಯಾರು ಯಾವ ಗುಂಪಿನವರು ಎಂಬುದನ್ನು, ನೋಡುವ ಪದ್ಧತಿ. ಆದರೆ ಬಾಗಿಲಿನ ಸಮಸ್ಯೆ ಒಂದೇ. ಸೆಕೆಂಡಿಗೆ ಒಂದು ಕೋಟಿಗೂ ಮಿಕ್ಕಿದ ಪ್ರಶ್ನೆಗಳಿಗೆ ಅದು ಉತ್ತರ ಕೊಡುತ್ತಿತ್ತೆಂದೂ, ನೂರರಲ್ಲಿ ತೊಂಬತ್ತೈದು ಉತ್ತರಗಳು ಸೆಕೆಂಡಿನ ನೂರನೆಯ ಒಂದು ಭಾಗದೊಳಗೆ ಬರುತ್ತಿದ್ದುವೆಂದೂ ಆ ಸಂಸ್ಥೆ ತಿಳಿಸಿತು. ಅಮೆಜಾನ್ ಸಂಸ್ಥೆ 2023ರಲ್ಲಿ ಎಲ್ಲರ ಬಳಕೆಗೂ ತೆರೆದಿಟ್ಟ ಸೀಡರ್ ಎಂಬ ನಿಯಮಭಾಷೆಯಲ್ಲಿ, ತೀರ್ಪುಗಾರನು ಎಂದೂ ಮುಗಿಯದ ಸುತ್ತಿನಲ್ಲಿ ಸಿಕ್ಕಿಕೊಳ್ಳದಂತೆ ಭಾಷೆಯನ್ನೇ ಮಿತವಾಗಿ ರಚಿಸಲಾಗಿದೆ. ಯಾವ ನಿಯಮವೂ ಅನುಮತಿ ಕೊಡದಿದ್ದರೆ ಬಾಗಿಲು ಮುಚ್ಚಿಯೇ ಇರುತ್ತದೆ. ಒಂದು ನಿಯಮ ಅನುಮತಿ ಕೊಟ್ಟು ಇನ್ನೊಂದು ನಿಷೇಧಿಸಿದರೆ ನಿಷೇಧಕ್ಕೇ ಮೇಲುಗೈ. ಹೀಗೆ ನಿಷೇಧಕ್ಕೆ ಮೇಲುಗೈ ಇರುವಲ್ಲಿ, ಅನುಮತಿಯ ನಿಯಮವೊಂದು ಸಿಕ್ಕಿದೊಡನೆ ತೀರ್ಪುಗಾರನು ಓದುವುದನ್ನು ನಿಲ್ಲಿಸುವಂತಿಲ್ಲ. ಮುಂದೆಲ್ಲೋ ಒಂದು ನಿಷೇಧ ಅಡಗಿರಬಹುದು. ನಿಷೇಧಗಳನ್ನೆಲ್ಲ ಮೊದಲಿಗೇ ತಂದಿಟ್ಟರೆ, ಹೊಂದಿದ ಮೊದಲ ನಿಯಮದಲ್ಲಿಯೇ ನಿಲ್ಲಬಹುದು. ಜೋಡಣೆಯ ಮಹತ್ವವೆಂದರೆ ಇದೇ.

ನೆನಪಿನ ಅಪಾಯ

ವೇಗಕ್ಕೆ ಇನ್ನೊಂದು ಸುಲಭದ ದಾರಿಯೂ ಇದೆ. ಅದು ನೆನಪು. ನಿನ್ನೆ ಬಿಟ್ಟವನನ್ನು ಇಂದೂ ಪ್ರಶ್ನಿಸದೆ ಬಿಡುವುದು. ಹೋಟೆಲಿನ ಕಾವಲುಗಾರನು ದಿನವೂ ಬರುವ ಹಾಲಿನವನನ್ನು ತಡೆಯುವುದಿಲ್ಲ. ಯಂತ್ರವೂ ಒಮ್ಮೆ ಕೊಟ್ಟ ತೀರ್ಪನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಬಾರಿ ನಿಯಮಗಳನ್ನು ಓದದೆಯೇ ಉತ್ತರ ಕೊಡಬಲ್ಲುದು. ಇದು ಬಹಳ ಉಪಯುಕ್ತವಾದ ಉಪಾಯವೆಂಬುದನ್ನು ಒಪ್ಪಬೇಕು. ಆದರೆ ನಿನ್ನೆ ಸಂಜೆ ಕೆಲಸದಿಂದ ತೆಗೆದುಹಾಕಿದ ನೌಕರನನ್ನು ಇಂದು ಬೆಳಗ್ಗೆ ಹಳೆಯ ನೆನಪಿನ ಮೇಲೆ ಒಳಕ್ಕೆ ಬಿಟ್ಟರೆ ಗತಿಯೇನು? ಜಂಜಿಬಾರನ್ನು ಕಟ್ಟಿದವರು ಈ ಅಪಾಯಕ್ಕೆ ‘ಹೊಸ ಶತ್ರು’ ಎಂಬ ಅರ್ಥದ ಹೆಸರನ್ನೇ ಇಟ್ಟು, ಎಷ್ಟು ಹಳೆಯ ನೆನಪನ್ನು ನಂಬಬಹುದೆಂಬುದನ್ನು ಕಾಲದ ಗುರುತಿನಿಂದ ಅಳೆಯುವ ಏರ್ಪಾಡು ಮಾಡಿದರು. ನೆನಪಿಗೆ ಆಯುಷ್ಯದ ಮಿತಿಯಿರಬೇಕು. ನೌಕರನ ಸ್ಥಿತಿ ಬದಲಾದ ಕ್ಷಣವೇ ಅವನಿಗೆ ಸಂಬಂಧಿಸಿದ ಹಳೆಯ ತೀರ್ಪುಗಳು ಅಳಿಸಿಹೋಗಬೇಕು. ಇದನ್ನು ಮಾಡದೆ ಗಳಿಸಿದ ವೇಗವು ಸಾಲ ಮಾಡಿ ತಿಂದ ತುಪ್ಪವೇ ಸರಿ.

ಮಾಹಿತಿಗಾರನನ್ನು ಕೇಳದೆಯೇ ಕೆಲಸ ನಡೆಸಿದರೆ ಏನಾಗುತ್ತದೆಂಬುದಕ್ಕೆ ಮುಂಬಯಿಯ ಕೋಟೆ ಪ್ರದೇಶದಲ್ಲಿಯೇ ಕಹಿಯಾದ ನಿದರ್ಶನವಿದೆ. 2018ರ ಫೆಬ್ರವರಿಯಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಇಲ್ಲಿನ ಶಾಖೆಯೊಂದರ ವಂಚನೆ ಬಯಲಾಯಿತು. ಅದರ ಮೊತ್ತ ಕಡೆಗೆ 13,000 ಕೋಟಿ ರೂಪಾಯಿಗಳನ್ನು ಮೀರಿತು. ವಿದೇಶದ ಬ್ಯಾಂಕುಗಳಿಗೆ ಹೊಣೆಗಾರಿಕೆಯ ಸಂದೇಶಗಳನ್ನು ಕಳುಹಿಸುವ ಸ್ವಿಫ್ಟ್ ವ್ಯವಸ್ಥೆಗೂ, ಬ್ಯಾಂಕಿನ ಮೂಲ ಲೆಕ್ಕಪತ್ರದ ಯಂತ್ರಕ್ಕೂ ಕೊಂಡಿ ಇರಲಿಲ್ಲ. ‘ಈ ಸಂದೇಶಕ್ಕೆ ತಕ್ಕ ಮಂಜೂರಾತಿ ಲೆಕ್ಕದಲ್ಲಿದೆಯೆ?’ ಎಂಬ ಪ್ರಶ್ನೆಯನ್ನು ಬಾಗಿಲಲ್ಲಿ ಯಾರೂ ಕೇಳಲಿಲ್ಲ. ನಿಯಮ ಪುಸ್ತಕದಲ್ಲಿದ್ದರೆ ಸಾಲದು, ಆ ಕ್ಷಣದಲ್ಲಿ ಓದಲ್ಪಡಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಎರಡು ವ್ಯವಸ್ಥೆಗಳನ್ನೂ 2018ರ ಏಪ್ರಿಲ್ 30ರೊಳಗೆ ಜೋಡಿಸಬೇಕೆಂದು ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೂ ತಾಕೀತು ಮಾಡಿತು. ಸ್ವಿಫ್ಟ್ ಸಂಬಂಧದ ಆದೇಶಗಳನ್ನು ಪಾಲಿಸಲಿಲ್ಲವೆಂದು 2019ರ ಮಾರ್ಚಿನಲ್ಲಿ 36 ಬ್ಯಾಂಕುಗಳ ಮೇಲೆ ಒಟ್ಟು 71 ಕೋಟಿ ರೂಪಾಯಿ ದಂಡ ಬಿದ್ದುದನ್ನು ನೋಡಿದರೆ, ಒಂದು ಪ್ರಶ್ನೆಯನ್ನು ಬಾಗಿಲಿಗೆ ತರುವುದು ಎಷ್ಟು ಕಷ್ಟವೆಂಬುದು ತಿಳಿಯುತ್ತದೆ.

‘ಇಲ್ಲ’ ಬೇರೆ, ‘ತಿಳಿಯದು’ ಬೇರೆ

ಬ್ಯಾಂಕಿನ ಬಾಗಿಲಲ್ಲಿ ಪ್ರಶ್ನೆಯನ್ನು ಕೇಳದೆ ಬಿಟ್ಟುದು ತಪ್ಪಾಯಿತು. ಪ್ರಶ್ನೆಯನ್ನು ಕೇಳಿ, ಉತ್ತರ ಬಾರದಿದ್ದಾಗ ಬಾಗಿಲನ್ನು ಮುಚ್ಚುವುದೂ ಕೆಲವೆಡೆ ಅಷ್ಟೇ ದೊಡ್ಡ ತಪ್ಪು. ನಾವು ಮೇಲೆ ಹೇಳಿದ ಎಕ್ಸ್.ಎ.ಸಿ.ಎಂ.ಎಲ್. ಭಾಷೆಯಲ್ಲಿ ತೀರ್ಪು ನಾಲ್ಕು ಬಗೆ: ಅನುಮತಿ ಉಂಟು, ಅನುಮತಿ ಇಲ್ಲ, ಈ ನಿಯಮ ಇಲ್ಲಿಗೆ ಅನ್ವಯಿಸದು, ನಿರ್ಧರಿಸಲಾಗಲಿಲ್ಲ. ಕೊನೆಯದು ಬಹಳ ಮುಖ್ಯ. ಮಾಹಿತಿಗಾರನು ಉತ್ತರ ತರದಿದ್ದಾಗ, ತಂತಿ ಕಡಿದಾಗ, ಯಂತ್ರ ಬಳಲಿದಾಗ ಬರುವ ತೀರ್ಪು ಅದು. ಖಜಾನೆಯ ಬಾಗಿಲಲ್ಲಿ ‘ನಿರ್ಧರಿಸಲಾಗಲಿಲ್ಲ’ ಎಂದರೆ ಬಾಗಿಲು ಮುಚ್ಚಿರುವುದೇ ಸರಿ. ರೇಷನ್ ಅಂಗಡಿಯ ಬಾಗಿಲಲ್ಲಿಯೂ ಅದು ಸರಿಯೆ?

ಈ ಪ್ರಶ್ನೆ ನಮ್ಮ ವಾಚಕರಿಗೆ ನೇರವಾಗಿ ಸೇರಿದ್ದು. ‘ಒಂದು ದೇಶ, ಒಂದು ರೇಷನ್ ಕಾರ್ಡು’ ಯೋಜನೆ 2019ರ ಆಗಸ್ಟಿನಲ್ಲಿ ನಾಲ್ಕು ರಾಜ್ಯಗಳಲ್ಲಿ ಮೊದಲಾಯಿತು. 2020ರ ಜನವರಿಯಲ್ಲಿ ಕರ್ನಾಟಕ, ಮಹಾರಾಷ್ಟ್ರಗಳೂ ಸೇರಿದಂತೆ ಹನ್ನೆರಡು ರಾಜ್ಯಗಳು ಒಂದೇ ಜಾಲಕ್ಕೆ ಬಂದವು. 2022ರ ಜೂನಿನಲ್ಲಿ ಅಸ್ಸಾಮು ಸೇರುವುದರೊಂದಿಗೆ ದೇಶವೆಲ್ಲ ಅದರೊಳಗಾಯಿತು. ಕುಂದಾಪುರದ ಮನೆಯ ಕಾರ್ಡಿನಲ್ಲಿ ಹೆಸರಿರುವ ಮಾಣಿಯು ಮುಂಬಯಿಯ ಅಂಗಡಿಯಲ್ಲಿ ತನ್ನ ಪಾಲನ್ನು ಪಡೆಯಬಹುದು, ಊರಿನಲ್ಲಿರುವ ಮನೆಯವರು ತಮ್ಮ ಪಾಲನ್ನು ಅಲ್ಲಿಯೇ ಪಡೆಯಬಹುದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಆದ್ಯತಾ ಕುಟುಂಬದ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ. ರಾಜ್ಯ ಸರಕಾರಗಳು ತಮ್ಮ ಲೆಕ್ಕದಲ್ಲಿ ಕೊಡುವ ಹೆಚ್ಚಿನ ಪಾಲು ಹೊರರಾಜ್ಯದಲ್ಲಿ ಸಿಗದು. ಮೊದಲು ‘ನೀನು ಯಾವ ಅಂಗಡಿಗೆ ಸೇರಿದವನು?’ ಎಂದು ಕೇಳುತ್ತಿದ್ದ ನಿಯಮ, ಈಗ ‘ನೀನು ಯಾರು, ನಿನ್ನ ಪಾಲೆಷ್ಟು, ಈ ತಿಂಗಳು ಎಷ್ಟು ಪಡೆದಿರುವೆ?’ ಎಂದು ಕೇಳುತ್ತದೆ. ವಲಸೆ ಬಂದವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಊರನ್ನು ಬಿಟ್ಟು ಲಕ್ಷಣವನ್ನು ನೋಡುವ ನಿಯಮದ ಫಲ ಇದು.

ಆದರೆ ಇಲ್ಲಿನ ಅಂಗಡಿಯ ಯಂತ್ರವು ಬೆರಳಚ್ಚನ್ನು ಪಡೆದು, ಊರಿನ ರಾಜ್ಯದ ಲೆಕ್ಕವನ್ನು ವಿಚಾರಿಸಿ, ಉತ್ತರ ಪಡೆಯಬೇಕು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾ ಆರಂಭವಾಗುವುದರ ನಡುವಿನ ಎರಡು ಗಂಟೆಯ ಬಿಡುವಿನಲ್ಲಿ ಸಾಲಿಗೆ ನಿಂತ ಹೋಟೆಲಿನ ಹುಡುಗನಿಗೆ, ಉತ್ತರ ಬಾರದೆ ‘ನಾಳೆ ಬಾ’ ಎಂಬ ಮಾತು ಕೇಳಿದರೆ ಅದು ಆ ದಿನದ ಮಟ್ಟಿಗೆ ‘ಇಲ್ಲ’ ಎಂಬುದೇ ಆಯಿತು. ಪಾತ್ರೆ ತೊಳೆದು ತೊಳೆದು ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ ತಪ್ಪು ಬೆರಳಿನದೆ? ಆಧಾರ್ ಇಲ್ಲವೆಂದೋ ಬೆರಳಚ್ಚು ತಾಳೆಯಾಗಲಿಲ್ಲವೆಂದೋ ಅರ್ಹನಾದ ಯಾರನ್ನೂ ಬರಿಗೈಯಲ್ಲಿ ಕಳುಹಿಸಕೂಡದೆಂದು ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರಿನಲ್ಲಿಯೇ ರಾಜ್ಯಗಳಿಗೆ ಬರೆದಿತ್ತು. ಅಂದರೆ ‘ನಿರ್ಧರಿಸಲಾಗಲಿಲ್ಲ’ ಎಂಬುದನ್ನು ‘ಇಲ್ಲ’ ಎಂದು ಓದಬೇಡಿರೆಂಬುದೇ ಆ ಆದೇಶದ ತಿರುಳು. ಅಂಗಡಿಯ ಯಂತ್ರಗಳು ಈ ತಿರುಳನ್ನು ಅರಿತು ನಡೆಯುವಂತೆ ಮಾಡುವುದು ಸರಕಾರದ ಹೊಣೆ.

ನಮ್ಮ ಬೇಡಿಕೆ

ನಿಯಮಗಳು ಹೆಚ್ಚಿದಷ್ಟೂ ಭದ್ರತೆ ಹೆಚ್ಚುವುದೆಂದು ವಾದಿಸುವವರಿದ್ದಾರೆ. ಇದನ್ನು ನಾವು ಒಪ್ಪಲಾರೆವು. ಯಾರೂ ಓದದ ನಿಯಮ, ಒಂದಕ್ಕೊಂದು ವಿರೋಧವಾದ ನಿಯಮ, ಯಾವ ಕಾಲಕ್ಕೋ ಬರೆದು ಮರೆತ ನಿಯಮ, ಇವು ತೀರ್ಪನ್ನು ತಡಮಾಡುತ್ತವೆ, ತಪ್ಪಿಗೂ ಎಡೆಗೊಡುತ್ತವೆ. ವರ್ಷಕ್ಕೊಮ್ಮೆಯಾದರೂ ಉಗ್ರಾಣವನ್ನು ಗುಡಿಸಿ ಹಳೆಯ ಡಬ್ಬಗಳನ್ನು ಹೊರಹಾಕುವಂತೆ ನಿಯಮಗಳನ್ನೂ ಶೋಧಿಸಬೇಕು. ಮತ್ತೆ ಕೆಲವರು, ಇಷ್ಟೆಲ್ಲ ಮಾಡಿದರೆ ಖರ್ಚಾಗುವುದೆಂದು ಆಕ್ಷೇಪಿಸಬಹುದು. ದಂಡದ 250 ಕೋಟಿಯ ಎದುರಿಗೆ ಈ ಖರ್ಚು ಯಾವ ಲೆಕ್ಕ ಎಂಬುದೇ ಅದಕ್ಕೆ ನಮ್ಮ ಉತ್ತರ.

ನಾಗರಿಕನ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಕ್ಕೊರಲಿನಿಂದ ತೀರ್ಪಿತ್ತರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2024ರಲ್ಲಿ ತೀರಿಕೊಂಡ ಆ ಹಿರಿಯರ ಹೆಸರಿನಲ್ಲಿಯೇ ಇಂದು ದೇಶದ ವಕೀಲರೆಲ್ಲ ಆ ಹಕ್ಕನ್ನು ನೆನೆಯುತ್ತಾರೆ. ನ್ಯಾಯಾಲಯವು ಹಕ್ಕನ್ನು ಘೋಷಿಸಿತು, ಸಂಸತ್ತು ಕಾಯಿದೆ ಮಾಡಿತು, ಸರಕಾರ ನಿಯಮ ಬರೆಯಿತು. ಇನ್ನುಳಿದುದು ಬಾಗಿಲಿನ ಕೆಲಸ. ಅಲ್ಲಿ ಸೋತರೆ ಮೇಲಿನದೆಲ್ಲವೂ ವ್ಯರ್ಥ.

ಆದುದರಿಂದ ನಾವು ಸರಕಾರವನ್ನೂ ಸಂಸ್ಥೆಗಳನ್ನೂ ಕೇಳುವುದಿಷ್ಟು. ಅನುಮತಿಯನ್ನು ನಿರಾಕರಿಸಿದಾಗ ಯಾವ ನಿಯಮದ ಮೇಲೆ ನಿರಾಕರಿಸಲಾಯಿತೆಂಬುದನ್ನು ಆ ಮನುಷ್ಯನಿಗೆ ಅವನು ಬಲ್ಲ ಭಾಷೆಯಲ್ಲಿ ತಿಳಿಸಬೇಕು. ‘ಇಲ್ಲ’ ಎಂಬುದನ್ನೂ ‘ನಿರ್ಧರಿಸಲಾಗಲಿಲ್ಲ’ ಎಂಬುದನ್ನೂ ಬೇರೆ ಬೇರೆಯಾಗಿ ದಾಖಲೆ ಮಾಡಬೇಕು. ಎರಡನೆಯದಕ್ಕೆ ಅನ್ನ, ಔಷಧಿಗಳಂಥ ವಿಷಯಗಳಲ್ಲಿ ಮನುಷ್ಯನೊಬ್ಬನು ಸಹಿ ಹಾಕಿ ಕೊಡುವ ದಾರಿಯಿರಬೇಕು. ತೀರ್ಪಿಗೆ ಇಷ್ಟೇ ಸಮಯವೆಂಬ ಗಡುವಿರಬೇಕು. ಗಡುವನ್ನು ಮುಟ್ಟಲು ನಿಯಮಗಳನ್ನು ಅಚ್ಚುಕಟ್ಟಾಗಿ ಜೋಡಿಸಬೇಕು, ಬಾಗಿಲನ್ನು ಸಡಿಲಿಸಬಾರದು. ಕೆಲಸ ಬಿಟ್ಟವನ ಅನುಮತಿ ಅವನು ಹೊಸ್ತಿಲು ದಾಟುವ ಮೊದಲೇ ರದ್ದಾಗಬೇಕು.

ನಮ್ಮ ಬಂಧುಗಳಿಗೂ ಎರಡು ಮಾತು ಹೇಳಬೇಕಾಗಿದೆ. ಗುಮಾಸ್ತರಾಗಿರುವವರು, ಎಷ್ಟೇ ಅವಸರವಿದ್ದರೂ, ಎಂಥ ಮೇಲಧಿಕಾರಿ ಕೇಳಿದರೂ, ತಮ್ಮ ಗುಪ್ತಪದವನ್ನು ಇನ್ನೊಬ್ಬರ ಕೈಗೆ ಕೊಡಬಾರದು. ನಿಮ್ಮ ಹೆಸರಿನಲ್ಲಿ ತೆರೆದ ಬಾಗಿಲಿಗೆ ದಾಖಲೆಯಲ್ಲಿ ನೀವೇ ಹೊಣೆ, ಆ ದಾಖಲೆ ವರ್ಷವಿಡೀ ಉಳಿಯುತ್ತದೆ. ವ್ಯವಸ್ಥೆ ನಿಧಾನವಾಗಿದ್ದರೆ ಆ ಸಂಗತಿಯನ್ನು ಬರೆದು ಮೇಲಿನವರಿಗೆ ತಿಳಿಸಿರಿ. ಹೋಟೆಲಿನ ಕೆಲಸಗಾರರು, ರೇಷನ್ ಅಂಗಡಿಯಲ್ಲಿ ‘ಆಗುವುದಿಲ್ಲ’ ಎಂದಾಗ ಸುಮ್ಮನೆ ಹಿಂದಿರುಗದೆ, ‘ನನ್ನ ಪಾಲು ಇಲ್ಲವೆಂದೋ, ಯಂತ್ರಕ್ಕೆ ಉತ್ತರ ಬರಲಿಲ್ಲವೆಂದೋ?’ ಎಂದು ವಿನಯದಿಂದ, ಆದರೆ ದೃಢವಾಗಿ ಕೇಳಬೇಕು. ಇವೆರಡಕ್ಕೂ ಇರುವ ಅಂತರವನ್ನು ಬಲ್ಲವನನ್ನು ಅಂಗಡಿಯವನು ಸುಲಭವಾಗಿ ಸಾಗಹಾಕಲಾರನು. ಓದು ಬರಹ ಬಲ್ಲ ಗುಮಾಸ್ತರು ಬಿಡುವಿದ್ದಾಗ ತಮ್ಮ ನೆರೆಯ ಹೋಟೆಲಿನ ಹುಡುಗರಿಗೆ ಇದನ್ನು ತಿಳಿಹೇಳಿ, ಬೇಕಾದಲ್ಲಿ ದೂರಿನ ಅರ್ಜಿಯನ್ನು ಬರೆದುಕೊಡುವರೆಂದು ನಾವು ಆಶಿಸುತ್ತೇವೆ.